ಮೈಕ್ರೋಟಿಕ್ ಹೆಕ್ಸ್ ರೌಟರ್: ನಮ್ಮ ರೀಡಿಂಗ್ ರೂಮಿನ ವೈಫೈ ಗೋಳು ತೀರಿಸಿದ ಡಬ್ಬಿ

ರೀಡಿಂಗ್ ರೂಮ್, ಪಿಜಿ, ಕೋಚಿಂಗ್ ಸೆಂಟರ್ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಆಂಟಿ, ವೈಫೈ ಕನೆಕ್ಟ್ ಆಗ್ತಿಲ್ಲ" ಅಂತ ಮಕ್ಕಳು ಬಂದು ನಿಂತ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ, ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳುವುದು. ತಿಂಗಳ ಬಿಲ್ಲು ಏರುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ. ನಮ್ಮಲ್ಲಿ ಸ್ಪೀಡಿಗೆ ಯಾವತ್ತೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಐಪಿ ವಿಳಾಸಗಳಿಗೆ, ಅಂದರೆ ಜಾಲಕ್ಕೆ ಸೇರುವ ಒಂದೊಂದು ಸಾಧನಕ್ಕೂ ಬೇಕಾಗುವ ನಂಬರುಗಳಿಗೆ. ಅದನ್ನು ಸರಿಮಾಡಿದ್ದು ಮೈಕ್ರೋಟಿಕ್ ಕಂಪನಿಯ ಹೆಕ್ಸ್ ಎಂಬ ಅಂಗೈಯಗಲದ ರೌಟರ್. ಅದರ ಡಿಎಚ್‌ಸಿಪಿ, ಅಂದರೆ ಬಂದ ಬಂದ ಫೋನು ಲ್ಯಾಪ್‌ಟಾಪುಗಳಿಗೆ ತಾನಾಗಿಯೇ ವಿಳಾಸ ಹಂಚುವ ವ್ಯವಸ್ಥೆಯ ಬಗ್ಗೆಯೇ ಈ ಬರಹ ಹೆಚ್ಚಾಗಿ ಇರುತ್ತದೆ. ನಾನು ಅದನ್ನು ತಂದದ್ದು ಆ ಕೆಲಸಕ್ಕಾಗಿಯೇ.

ನಮ್ಮದು ಬೆಂಗಳೂರಿನ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಂದ ನಡೆದು ಬರುವಷ್ಟು ದೂರದಲ್ಲಿ, ಮೊದಲ ಮಹಡಿಯಲ್ಲಿ ಇರುವ ರೀಡಿಂಗ್ ರೂಮು. 60 ಸೀಟು. ಬೆಳಗ್ಗೆ ಆರರಿಂದ ಎರಡರವರೆಗೆ ಒಂದು ಶಿಫ್ಟ್, ಎರಡರಿಂದ ರಾತ್ರಿ ಹತ್ತರವರೆಗೆ ಇನ್ನೊಂದು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ತಯಾರಿ ನಡೆಸುವ ಮಕ್ಕಳು. ಬಹಳಷ್ಟು ಜನ ಉತ್ತರ ಕರ್ನಾಟಕದಿಂದ, ಮಲೆನಾಡಿನಿಂದ ಬಂದು ಈ ಸುತ್ತಮುತ್ತಲ ಪಿಜಿಗಳಲ್ಲಿ ಇರುವವರು. ಪ್ರತಿಯೊಬ್ಬರ ಕೈಯಲ್ಲೂ ಫೋನು, ಅರ್ಧಕ್ಕರ್ಧ ಜನರ ಹತ್ತಿರ ಲ್ಯಾಪ್‌ಟಾಪೋ ಟ್ಯಾಬೋ ಇರುತ್ತದೆ. ಮಾಕ್ ಟೆಸ್ಟ್ ನಡುವೆ ನೆಟ್ ಕೈಕೊಟ್ಟರೆ ಆ ಹುಡುಗಿಯ ಒಂದು ಬೆಳಗಿನ ಶ್ರಮ ಹೋಯಿತು. ಇದನ್ನು ನಾನು ಸಣ್ಣ ವಿಷಯ ಅಂದುಕೊಂಡಿಲ್ಲ.

ತೊಂದರೆ ಹೇಗಿತ್ತೆಂದರೆ, ಬೆಳಗಿನ ಶಿಫ್ಟಿನವರಿಗೆ ಎಲ್ಲವೂ ಸರಿ. ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಶುರು. ಹೊಸದಾಗಿ ಬಂದು ಕೂತವರ ಫೋನಿನಲ್ಲಿ ವೈಫೈ ಗುರುತು ತೋರಿಸುತ್ತದೆ, ಪಾಸ್‌ವರ್ಡ್ ಒಪ್ಪುತ್ತದೆ, ಆಮೇಲೆ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂಬ ಸಾಲಿನ ಹತ್ತಿರ ನಿಂತುಬಿಡುತ್ತದೆ. ಪಕ್ಕದ ಸೀಟಿನವನು ಅದೇ ವೈಫೈಯಲ್ಲಿ ಆರಾಮವಾಗಿ ಕ್ಲಾಸ್ ವಿಡಿಯೋ ನೋಡುತ್ತಿರುತ್ತಾನೆ. ಇಂಟರ್ನೆಟ್ ಕಂಪನಿಯ ಕಡೆಯವರು ಬಂದರು, ಸ್ಪೀಡ್ ಟೆಸ್ಟ್ ಮಾಡಿದರು, ಸ್ಪೀಡ್ ಚೆನ್ನಾಗಿಯೇ ಬಂತು. "ಜನ ಜಾಸ್ತಿ ಆಗಿದ್ದಾರೆ ಮೇಡಂ, ಪ್ಲಾನ್ ಅಪ್‌ಗ್ರೇಡ್ ಮಾಡಿಸಿ" ಅಂದು ಹೊರಟರು. ಅವರು ಬಂದದ್ದು ಯಾವಾಗಲೂ ಬೆಳಗ್ಗೆಯೇ.

ನಾನು ಮೊದಲು ಇದೇ ಏರಿಯಾದಲ್ಲಿ ಸೈಬರ್ ಸೆಂಟರ್ ನಡೆಸಿದವಳು. ಆಗೆಲ್ಲ ಒಂದೊಂದು ಕಂಪ್ಯೂಟರಿಗೂ ಕೂತು ಕೈಯಾರೆ ಐಪಿ ಹಾಕಿ, ಆ ನಂಬರನ್ನು ಸಿಪಿಯು ಮೇಲೆ ಮಾರ್ಕರಿನಲ್ಲಿ ಬರೆದಿಡುತ್ತಿದ್ದೆವು. ಆದ್ದರಿಂದ ಒಂದು ಲ್ಯಾಪ್‌ಟಾಪಿನಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡಾಗ ರೋಗ ಎಲ್ಲಿದೆ ಅಂತ ತಿಳಿಯಿತು. ವಿಳಾಸ ಕೊಡುವವರು ಯಾರೂ ಉತ್ತರಿಸದೆ ಹೋದಾಗ ಕಂಪ್ಯೂಟರು ತನಗೆ ತಾನೇ ಹಾಕಿಕೊಳ್ಳುವ ನಂಬರು ಅದು. ಅದರಿಂದ ಹೊರಗಿನ ಇಂಟರ್ನೆಟ್ ತಲುಪಲು ಸಾಧ್ಯವಿಲ್ಲ.

ಲೆಕ್ಕ ಸುಲಭ. ಕಂಪನಿಯವರು ಕೊಟ್ಟಿದ್ದ ಫೈಬರ್ ಡಬ್ಬಿಯಲ್ಲಿ ಹಂಚಲು ಇಟ್ಟಿದ್ದ ವಿಳಾಸಗಳು ನೂರು. ಒಮ್ಮೆ ಕೊಟ್ಟ ವಿಳಾಸದ ಅವಧಿ 24 ಗಂಟೆ. ಬೆಳಗಿನ 60 ಮಕ್ಕಳ ಫೋನು ಲ್ಯಾಪ್‌ಟಾಪು ಸೇರಿ ತೊಂಬತ್ತರ ಹತ್ತಿರ ವಿಳಾಸ ಖರ್ಚು. ಅವರು ಎರಡು ಗಂಟೆಗೆ ಮನೆಗೆ ಹೋದರೂ ಆ ವಿಳಾಸಗಳು ಮಾರನೇ ದಿನದವರೆಗೆ ಅವರ ಹೆಸರಲ್ಲೇ. ಮಧ್ಯಾಹ್ನದ ಶಿಫ್ಟಿಗೆ ಉಳಿದದ್ದು ಹತ್ತು ಹನ್ನೆರಡು. ನಮ್ಮಲ್ಲಿ ಲಾಕರ್ ಕೀ ಜೇಬಿನಲ್ಲಿಟ್ಟುಕೊಂಡೇ ಮಕ್ಕಳು ಮನೆಗೆ ಹೋದರೆ ಮುಂದಿನವರಿಗೆ ಲಾಕರ್ ಖಾಲಿ ಇದ್ದೂ ಸಿಗುವುದಿಲ್ಲವಲ್ಲ, ಥೇಟ್ ಹಾಗೆ. ಸಾಮಾನ್ಯವಾಗಿ ಫೋನುಗಳು ವೈಫೈ ವ್ಯಾಪ್ತಿ ದಾಟಿ ಹೋಗುವಾಗ "ನನ್ನ ವಿಳಾಸ ವಾಪಸ್ ತಗೊಳ್ಳಿ" ಅಂತ ಹೇಳಿ ಹೋಗುವುದಿಲ್ಲ. ಅವಧಿ ತೀರುವವರೆಗೆ ಕಾಯುವುದೊಂದೇ ದಾರಿ.

ಹಾಗಾದರೆ ಆ ಡಬ್ಬಿಯಲ್ಲೇ ಅವಧಿ ಕಡಿಮೆ ಮಾಡಬಹುದಿತ್ತಲ್ಲ ಅಂತ ಕೇಳುತ್ತೀರಿ. ಆ ಪುಟಕ್ಕೆ ಹೋಗಲು ಬೇಕಾದ ಲಾಗಿನ್ ಅವರು ಕೊಡಲಿಲ್ಲ. ಫೋನ್ ಮಾಡಿ ಕೇಳಿದರೆ "ಅದೆಲ್ಲ ನಮ್ಮ ಕಡೆಯಿಂದಲೇ ಆಗಬೇಕು" ಎಂಬ ಉತ್ತರ, ಅವರ ಕಡೆಯಿಂದಲೂ ಆಗಲಿಲ್ಲ. ಹಣ ಕಟ್ಟುವ ಗಿರಾಕಿಗೆ ತನ್ನ ಜಾಗದ ವಿಳಾಸ ಪಟ್ಟಿ ನೋಡುವ ಹಕ್ಕೂ ಇಲ್ಲವೆಂದರೆ ಅದು ಸರಿಯಲ್ಲ, ಇದನ್ನು ಖಂಡಿತವಾಗಿ ಹೇಳುತ್ತೇನೆ.

ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಮುಂದಕ್ಕೆ ನಡಿಗೆಯೇ. ಮೂರ್ನಾಲ್ಕು ಅಂಗಡಿಗಳಲ್ಲಿ ನಾಲ್ಕು ಕೊಂಬಿನ ದೊಡ್ಡ ದೊಡ್ಡ ವೈಫೈ ರೌಟರ್ ತೋರಿಸಿದರು. ಒಂದು ಅಂಗಡಿಯ ಹುಡುಗ ಮಾತ್ರ, "ಅಕ್ಕ, ವೈಫೈ ನಿಮ್ಮತ್ರ ಇದೆಯಲ್ಲ, ಐಪಿ ಮ್ಯಾನೇಜ್ ಮಾಡೋಕೆ ಇದು ತಗೊಳ್ಳಿ" ಅಂತ ಹೆಕ್ಸ್ ಕೈಗಿಟ್ಟ. ಬೆಲೆ ಆರು ಸಾವಿರದ ಒಳಗೆ. ಲಾಟ್ವಿಯಾ ದೇಶದ ರೀಗಾ ನಗರದ ಕಂಪನಿ, 1996ರಿಂದ ಇದೇ ಕೆಲಸದಲ್ಲಿ ಇದ್ದಾರೆ. ಐದು ಗಿಗಾಬಿಟ್ ಪೋರ್ಟು, ಎರಡು ಕೋರಿನ ಪ್ರೊಸೆಸರು, 256 ಎಂಬಿ ಮೆಮೊರಿ. ವೈಫೈ ಇಲ್ಲ. ಇದು ಗೊತ್ತಿಲ್ಲದೆ ತಂದರೆ ನಿರಾಸೆ ಆಗುತ್ತದೆ, ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಇದರಲ್ಲಿ ವೈಫೈ ಇಲ್ಲ.

ಜೋಡಿಸುವುದು ಹೀಗೆ. ಫೈಬರ್ ಡಬ್ಬಿಯಿಂದ ಬರುವ ಕೇಬಲ್ ಹೆಕ್ಸ್‌ನ ಮೊದಲನೇ ಪೋರ್ಟಿಗೆ. ಉಳಿದ ನಾಲ್ಕು ಪೋರ್ಟು ನಮ್ಮ ಕಡೆಗೆ. ಫೈಬರ್ ಡಬ್ಬಿಯ ವೈಫೈ ಆಫ್ ಮಾಡಿಸಿದೆ, ಅಷ್ಟನ್ನು ಫೋನಿನಲ್ಲೇ ಮಾಡಿಕೊಟ್ಟರು. ನಮ್ಮ ಹತ್ತಿರ ಮೊದಲೇ ಇದ್ದ ಹಳೆಯ ವೈಫೈ ರೌಟರುಗಳನ್ನು ಬರೀ ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈಫೈ ಸಿಗ್ನಲ್ ಕೊಡುವುದಕ್ಕಷ್ಟೇ ಬಳಸಿದೆ. ಇಲ್ಲಿ ಎಚ್ಚರ ಬೇಕು. ಹಳೆಯ ರೌಟರನ್ನು ಹೀಗೆ ಬಳಸುವಾಗ ಅದರೊಳಗಿನ ಡಿಎಚ್‌ಸಿಪಿಯನ್ನು ಆಫ್ ಮಾಡಬೇಕು, ಕೇಬಲನ್ನು ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕದೆ ಲ್ಯಾನ್ (ಒಳಗಿನ ಜಾಲದ) ಪೋರ್ಟಿಗೆ ಹಾಕಬೇಕು, ಅದಕ್ಕೊಂದು ಬೇರೆ ವಿಳಾಸ ಕೊಡಬೇಕು. ನಾನು 192.168.88.2, 88.3 ಹೀಗೆ ಕೊಟ್ಟಿದ್ದೇನೆ. ಒಂದು ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದರೆ ಫೋನು ಮೊದಲು ಉತ್ತರ ಕೊಟ್ಟವರ ಮಾತನ್ನೇ ಕೇಳುತ್ತದೆ. ಆಗ ಕೆಲವರಿಗೆ ನೆಟ್ ಬರುತ್ತದೆ, ಕೆಲವರಿಗೆ ಇಲ್ಲ, ಕಾರಣ ಹುಡುಕಿ ಹುಡುಕಿ ಸುಸ್ತು.

ಹೆಕ್ಸ್ ಪೆಟ್ಟಿಗೆಯಿಂದ ಬರುವಾಗಲೇ ವಿಳಾಸ ಹಂಚಲು ಸಿದ್ಧವಾಗಿ ಬರುತ್ತದೆ. ಅದರ ಸ್ವಂತ ವಿಳಾಸ 192.168.88.1, ಹಂಚುವುದು 88.10ರಿಂದ 88.254ರವರೆಗೆ. ಅಂದರೆ 245 ವಿಳಾಸ. ನಮ್ಮ ಎರಡೂ ಶಿಫ್ಟ್ ಸೇರಿಸಿದರೂ ಸುಮಾರು 180 ಸಾಕು. ಏನೂ ಮುಟ್ಟದೆ ಕೇಬಲ್ ಹಾಕಿದ್ದರೂ ಮಧ್ಯಾಹ್ನದ ಗೋಳು ಅಲ್ಲಿಗೇ ಮುಗಿಯುತ್ತಿತ್ತು.

ಒಳಗೆ ಹೋಗಲು ವಿನ್‌ಬಾಕ್ಸ್ ಎಂಬ ಅವರದೇ ಪುಟ್ಟ ಪ್ರೋಗ್ರಾಂ ಇದೆ. ಇದರ ಒಂದು ಗುಣ ನನಗೆ ಬಹಳ ಹಿಡಿಸಿತು: ಐಪಿ ವಿಳಾಸವೇ ಇಲ್ಲದಿದ್ದರೂ, ಕೇಬಲ್ ಹಾಕಿದ ಕಂಪ್ಯೂಟರಿನಿಂದ ರೌಟರಿನ ಮ್ಯಾಕ್ ನಂಬರ್ (ಪ್ರತಿ ಸಾಧನಕ್ಕೂ ತಯಾರಿಕೆಯಲ್ಲೇ ಕೊಟ್ಟಿರುವ ಗುರುತಿನ ನಂಬರ್) ಹಿಡಿದು ಒಳಗೆ ಹೋಗಬಹುದು. ವಿಳಾಸ ಹಂಚುವ ವ್ಯವಸ್ಥೆಯನ್ನೇ ಬದಲಾಯಿಸುತ್ತಿರುವಾಗ ಬೇರೆ ರೌಟರುಗಳಲ್ಲಿ ನಾವೇ ಹೊರಗೆ ಉಳಿದುಬಿಡುವ ಭಯ ಇರುತ್ತದೆ. ಇಲ್ಲಿ ಆ ಭಯವಿಲ್ಲ. ಜೊತೆಗೆ "ಸೇಫ್ ಮೋಡ್" ಎಂಬ ಬಟನ್ ಇದೆ. ಅದನ್ನು ಒತ್ತಿ ಕೆಲಸ ಮಾಡುವಾಗ ಸಂಪರ್ಕ ಕಡಿದುಹೋದರೆ ಅಲ್ಲಿಯವರೆಗೆ ಮಾಡಿದ ಬದಲಾವಣೆಗಳನ್ನು ರೌಟರ್ ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಕೊಟ್ಟ ವಿಳಾಸದ ಅವಧಿಯನ್ನು ಲೀಸ್ ಟೈಮ್ ಅನ್ನುತ್ತಾರೆ. ನನ್ನ ಡಬ್ಬಿಯಲ್ಲಿ ಅದು ಅರ್ಧ ಗಂಟೆಗೆ ಇತ್ತು. ಹಾಗೇ ಬಿಟ್ಟರೂ ನಡೆಯುತ್ತದೆ. ಆದರೆ ಮಕ್ಕಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಲೀಸ್ ತೀರಿ, ವಾಪಸ್ ಬಂದಾಗ ಮತ್ತೆ ಕೊಟ್ಟು, ಲಾಗ್ ಪುಟದ ತುಂಬ ಅದೇ ಸಾಲುಗಳು. ನಿಜವಾದ ತೊಂದರೆ ಹುಡುಕುವಾಗ ಕಣ್ಣಿಗೆ ಕಾಣುವುದಿಲ್ಲ. ನಾನು ಎರಡು ಗಂಟೆ ಇಟ್ಟೆ. ಫೋನುಗಳು ಅರ್ಧ ಅವಧಿ ಕಳೆದಾಗ, ಅಂದರೆ ಒಂದು ಗಂಟೆಗೊಮ್ಮೆ, ತಾವಾಗಿಯೇ ನವೀಕರಿಸಿಕೊಳ್ಳುತ್ತವೆ. ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಎರಡು ಗಂಟೆಗೆ ಎದ್ದು ಹೋದವರ ವಿಳಾಸ ನಾಲ್ಕರೊಳಗೆ ಬಿಡುಗಡೆ. ಮನೆಯಲ್ಲಿ ಬಳಸುವವರಿಗೆ 24 ಗಂಟೆ ಚೆನ್ನ, ಅಲ್ಲಿ ಅದೇ ಹತ್ತು ಫೋನು ದಿನವೂ ಬರುತ್ತವೆ. ಜನ ಬಂದು ಹೋಗುವ ಹೋಟೆಲು, ಕ್ಲಿನಿಕ್ಕು, ರೀಡಿಂಗ್ ರೂಮಿನಲ್ಲಿ ಅದು ತೊಂದರೆ ಕೊಡುತ್ತದೆ. ಇನ್ನೊಂದು ಕಾರಣವೂ ಇದೆ. ಈಗಿನ ಆಂಡ್ರಾಯ್ಡ್, ಐಫೋನ್ ಎರಡೂ ತಮ್ಮ ಅಸಲಿ ಮ್ಯಾಕ್ ನಂಬರ್ ಮುಚ್ಚಿಟ್ಟು ಬೇರೊಂದನ್ನು ತೋರಿಸುತ್ತವೆ. ಅದು ಬದಲಾದಾಗ ಅದೇ ಫೋನು ರೌಟರಿಗೆ ಹೊಸ ಫೋನಾಗಿ ಕಂಡು ಎರಡನೇ ವಿಳಾಸ ತೆಗೆದುಕೊಳ್ಳುತ್ತದೆ. ಅವಧಿ ಚಿಕ್ಕದಿದ್ದರೆ ಇದರಿಂದ ಆಗುವ ನಷ್ಟವೂ ಚಿಕ್ಕದು.

ನಾನು ಕೂತು ಹೊಸದಾಗಿ ಮಾಡಿದ್ದು ಆಫೀಸಿನ ಕಡೆಯದು. ನಮ್ಮ ಬಿಲ್ಲಿಂಗ್ ಕಂಪ್ಯೂಟರು, ಪ್ರಿಂಟರು, ಸಿಸಿಟಿವಿಯ ಡಿವಿಆರ್, ಹಾಜರಿಯ ಬಯೋಮೆಟ್ರಿಕ್ ಮೆಷಿನ್ನು ಇವೆಲ್ಲ ಮಕ್ಕಳ ಫೋನುಗಳ ನಡುವೆ ಇರಬಾರದು. ಐದನೇ ಪೋರ್ಟನ್ನು ಬ್ರಿಡ್ಜ್‌ನ, ಅಂದರೆ ನಮ್ಮ ಕಡೆಯ ಪೋರ್ಟುಗಳನ್ನು ಒಂದೇ ಜಾಲವಾಗಿ ಸೇರಿಸಿಡುವ ವ್ಯವಸ್ಥೆಯ ಪೋರ್ಟ್ ಪಟ್ಟಿಯಿಂದ ತೆಗೆದೆ. ಅದಕ್ಕೆ 192.168.99.1/24 ಎಂಬ ವಿಳಾಸ ಕೊಟ್ಟೆ. ಆಮೇಲೆ ಐಪಿ ಮೆನುವಿನ ಡಿಎಚ್‌ಸಿಪಿ ಸರ್ವರ್ ಕಿಟಕಿಯಲ್ಲಿ "ಡಿಎಚ್‌ಸಿಪಿ ಸೆಟಪ್" ಬಟನ್ ಒತ್ತಿದೆ. ಇದು ತುಂಬಾ ಅಚ್ಚುಕಟ್ಟಾಗಿದೆ. ಒಂದೊಂದೇ ಪ್ರಶ್ನೆ ಕೇಳುತ್ತದೆ: ಯಾವ ಪೋರ್ಟಿನಲ್ಲಿ ಹಂಚಬೇಕು, ಯಾವ ಜಾಲ, ಹೊರಗೆ ಹೋಗುವ ದಾರಿಯಾದ ಗೇಟ್‌ವೇ ಯಾವುದು, ಯಾವ ನಂಬರಿನಿಂದ ಯಾವ ನಂಬರಿನವರೆಗೆ ಕೊಡಬೇಕು, ವೆಬ್‌ಸೈಟ್ ಹೆಸರಿಗೆ ಅದರ ಐಪಿ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಯಾರು, ಅವಧಿ ಎಷ್ಟು. ಪೋರ್ಟಿಗೆ ಮೊದಲೇ ವಿಳಾಸ ಕೊಟ್ಟಿದ್ದರೆ ಜಾಲ, ಗೇಟ್‌ವೇ, ನಂಬರುಗಳ ಸಾಲು ಎಲ್ಲವನ್ನೂ ಅದೇ ಊಹಿಸಿ ತುಂಬಿರುತ್ತದೆ, ನಾವು ನೋಡಿ ಮುಂದಕ್ಕೆ ಒತ್ತುವುದಷ್ಟೇ. ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಯಿತು.

ಆದರೆ ಆ ಬಟನ್ ಮಾಡಿಕೊಡದ ಕೆಲಸವೂ ಇದೆ, ಇದನ್ನು ಅದು ಎಲ್ಲೂ ಹೇಳುವುದಿಲ್ಲ. ಪೋರ್ಟನ್ನು ಬ್ರಿಡ್ಜ್‌ನಿಂದ ತೆಗೆದಾಗ ಅದು "ಲ್ಯಾನ್" ಎಂಬ ಇಂಟರ್‌ಫೇಸ್ ಪಟ್ಟಿಯಿಂದಲೂ ಹೊರಗೆ ಬಿದ್ದಿರುತ್ತದೆ. ಮೊದಲೇ ಇರುವ ಫೈರ್‌ವಾಲ್ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ನೋಡುವ ಕಾವಲು) ನಿಯಮ ಆ ಪಟ್ಟಿಯಲ್ಲಿ ಇಲ್ಲದವರು ರೌಟರನ್ನು ಮಾತಾಡಿಸಲು ಬಿಡುವುದಿಲ್ಲ. ಆಗ ಕಂಪ್ಯೂಟರಿಗೆ ವಿಳಾಸ ಸಿಗುತ್ತದೆ, ಆದರೆ ರೌಟರನ್ನೇ ಡಿಎನ್‌ಎಸ್ ಆಗಿ ಕೊಟ್ಟಿದ್ದರೆ ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಐದನೇ ಪೋರ್ಟನ್ನು ಲ್ಯಾನ್ ಪಟ್ಟಿಗೆ ಸೇರಿಸಿದರೆ ಸರಿ. ಮಕ್ಕಳ ಜಾಲದಿಂದ ಆಫೀಸಿನ ಜಾಲಕ್ಕೆ ಹೋಗದಂತೆ ಫೈರ್‌ವಾಲ್‌ನಲ್ಲಿ ಒಂದು ನಿಯಮವನ್ನೂ ನಾವೇ ಹಾಕಬೇಕು. ಬೇರೆ ಬೇರೆ ನಂಬರ್ ಸಾಲು ಕೊಟ್ಟ ಮಾತ್ರಕ್ಕೆ ಎರಡು ಜಾಲ ಬೇರೆಯಾಗುವುದಿಲ್ಲ, ರೌಟರ್ ನಡುವೆ ನಿಂತು ಎರಡನ್ನೂ ಸೇರಿಸುತ್ತಲೇ ಇರುತ್ತದೆ. ಆ ಎಸ್‌ಪಿ ರೋಡಿನ ಹುಡುಗ ಈ ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಅವನ ಉಪಕಾರ ದೊಡ್ಡದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು "ಲೀಸಸ್" ಪುಟ. ಯಾವ ವಿಳಾಸ ಯಾವ ಮ್ಯಾಕ್ ನಂಬರಿಗೆ ಹೋಗಿದೆ, ಆ ಸಾಧನ ತನ್ನ ಹೆಸರೇನು ಅಂತ ಹೇಳಿಕೊಂಡಿದೆ, ಅವಧಿ ಇನ್ನೆಷ್ಟು ಉಳಿದಿದೆ ಎಲ್ಲ ಒಂದೊಂದು ಸಾಲಿನಲ್ಲಿ. ಮಧ್ಯಾಹ್ನ ಎರಡು ಗಂಟೆಗೆ ಅದನ್ನು ತೆರೆದು ಕೂತರೆ ಹಳೆಯ ಸಾಲುಗಳ ಅವಧಿ ಇಳಿಯುತ್ತಾ ಹೋಗುವುದು, ಹೊಸ ಸಾಲುಗಳು ಸೇರುವುದು ಕಣ್ಣೆದುರಿಗೇ ಕಾಣುತ್ತದೆ. ಮಕ್ಕಳು ಏನು ಓದುತ್ತಾರೆ, ಯಾವ ಸೈಟ್ ನೋಡುತ್ತಾರೆ ಎಂಬುದು ಇದರಲ್ಲಿ ಇರುವುದಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ.

ಪ್ರಿಂಟರಿಗೂ ಡಿವಿಆರ್‌ಗೂ ವಿಳಾಸ ಬದಲಾಗಬಾರದು. ಬದಲಾದರೆ ಫೋಟೋಕಾಪಿ ಸೆಕ್ಷನ್ನಿನಲ್ಲಿ "ಪ್ರಿಂಟರ್ ಆಫ್‌ಲೈನ್" ಅಂತ ಬರುತ್ತದೆ, ಮೊಬೈಲಿನಲ್ಲಿ ಕ್ಯಾಮೆರಾ ಕಾಣುವುದಿಲ್ಲ. ಲೀಸಸ್ ಪುಟದಲ್ಲಿ ಆ ಸಾಲು ತೆರೆದು "ಮೇಕ್ ಸ್ಟಾಟಿಕ್" ಒತ್ತಿದರೆ ಸಾಲಿನ ಮುಂದಿನ "ಡಿ" ಗುರುತು ಹೋಗುತ್ತದೆ, ಆ ವಿಳಾಸ ಆ ಸಾಧನಕ್ಕೇ ಕಾಯಂ. ನಂಬರು ಬದಲಾಯಿಸಬೇಕೆಂದರೆ ಅಲ್ಲೇ ಬದಲಾಯಿಸಿ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಕಾಮೆಂಟ್ ಜಾಗದಲ್ಲಿ "ಕೌಂಟರ್ ಪ್ರಿಂಟರ್" ಅಂತ ಬರೆದಿಟ್ಟುಕೊಳ್ಳಬಹುದು. ಪ್ರಿಂಟರಿನ ಸಣ್ಣ ಪರದೆಯಲ್ಲಿ ಬಾಣದ ಗುರುತು ಒತ್ತಿ ಒತ್ತಿ ಐಪಿ ತುಂಬುವ ಹಿಂಸೆ ಇಲ್ಲ.

ಒಮ್ಮೆ ಕೆಲವು ಫೋನುಗಳಿಗೆ 192.168.0 ಎಂದು ಶುರುವಾಗುವ ವಿಳಾಸ ಬಂದು ನೆಟ್ ನಿಂತಿತು. ನಮ್ಮ ಜಾಲದಲ್ಲಿ ಅಂಥ ನಂಬರೇ ಇಲ್ಲ. ಡಿಎಚ್‌ಸಿಪಿ ಸರ್ವರ್ ಕಿಟಕಿಯಲ್ಲೇ "ಅಲರ್ಟ್ಸ್" ಅಂತ ಇನ್ನೊಂದು ಪುಟ ಇದೆ. ಅದರಲ್ಲಿ ಬ್ರಿಡ್ಜ್ ಆರಿಸಿ, ನಮ್ಮ ರೌಟರಿನ ಮ್ಯಾಕ್ ನಂಬರನ್ನು ಒಪ್ಪಿಗೆ ಇರುವ ಸರ್ವರ್ ಅಂತ ಹಾಕಿಟ್ಟಿದ್ದೆ. ಬೇರೆ ಯಾರಾದರೂ ವಿಳಾಸ ಹಂಚಲು ಶುರುಮಾಡಿದರೆ ಅವರ ಮ್ಯಾಕ್ ನಂಬರ್ ಅಲ್ಲಿ ಬಂದು ಕೂರುತ್ತದೆ, ಲಾಗ್‌ನಲ್ಲೂ ಬರುತ್ತದೆ. ನೋಡಿದರೆ, ಕೊನೆಯ ಸಾಲಿನಲ್ಲಿ ಸಿಗ್ನಲ್ ಸಾಲದು ಅಂತ ಒಬ್ಬ ಹುಡುಗ ತನ್ನ ರೂಮಿನ ಸಣ್ಣ ರೌಟರ್ ತಂದು ಗೋಡೆಯ ಲ್ಯಾನ್ ಸಾಕೆಟ್ಟಿಗೆ ಹಾಕಿದ್ದ. ಅವನಿಗೆ ಬೇರೆಯವರ ನೆಟ್ ನಿಲ್ಲಿಸುವ ಉದ್ದೇಶ ಇರಲಿಲ್ಲ, ಸಿಗ್ನಲ್ ಬೇಕಿತ್ತಷ್ಟೇ. ಆ ಮೂಲೆಗೆ ಒಂದು ಆಕ್ಸೆಸ್ ಪಾಯಿಂಟ್ ಹಾಕಿಸಿದೆ. ಇದೇ ರೌಟರಿನ ಬ್ರಿಡ್ಜ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದರೆ ಹೀಗೆ ಒಂದು ಪೋರ್ಟಿನಿಂದ ಬರುವ ಕಳ್ಳ ಉತ್ತರ ಇನ್ನೊಂದು ಪೋರ್ಟಿಗೆ ದಾಟುವುದಿಲ್ಲ. ಆದರೆ ಒಂದೇ ಸಾದಾ ನೆಟ್‌ವರ್ಕ್ ಸ್ವಿಚ್ಚಿಗೆ (ಹಲವು ಲ್ಯಾನ್ ಕೇಬಲ್ ಸೇರಿಸುವ ಡಬ್ಬಿಗೆ) ಸೇರಿದ ಸಾಧನಗಳ ನಡುವೆ ಅದು ಏನೂ ಮಾಡಲಾರದು, ಆ ಮಾತುಕತೆ ರೌಟರಿನವರೆಗೆ ಬರುವುದೇ ಇಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೂ ಹಂಚಿದ ವಿಳಾಸಗಳ ಲೆಕ್ಕ ಅದಕ್ಕೆ ನೆನಪಿರುತ್ತದೆ. ಐದು ನಿಮಿಷಕ್ಕೊಮ್ಮೆ ಪಟ್ಟಿಯನ್ನು ಒಳಗೆ ಬರೆದಿಟ್ಟುಕೊಳ್ಳುತ್ತದೆ. 8ರಿಂದ 30 ವೋಲ್ಟ್‌ವರೆಗಿನ ಡಿಸಿ ವಿದ್ಯುತ್ ತೆಗೆದುಕೊಳ್ಳುವುದರಿಂದ ಫೈಬರ್ ಡಬ್ಬಿಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ಸೇ ಇದಕ್ಕೂ ಆಗುತ್ತದೆ, ಪಿನ್ ಸರಿಹೊಂದುತ್ತದೆಯೇ ನೋಡಿಕೊಳ್ಳಿ.

ಕುಂದು ಅಂದರೆ, ಮೆನುಗಳು ಅತಿಯಾಗಿವೆ. ಎಡಗಡೆಯ ಪಟ್ಟಿ ನೋಡಿದರೆ ಹೊಸಬರು ಗಾಬರಿಯಾಗುತ್ತಾರೆ. ಎಲ್ಲ ಇಂಗ್ಲಿಷಿನಲ್ಲೇ. ಒಂದು ವಿಳಾಸ ಸಾಲು ಬದಲಾಯಿಸಬೇಕೆಂದರೆ ಪೂಲ್ (ಹಂಚುವ ನಂಬರುಗಳ ಸಾಲು) ಒಂದು ಕಡೆ, ಜಾಲ ಇನ್ನೊಂದು ಕಡೆ, ರೌಟರಿನ ಸ್ವಂತ ವಿಳಾಸ ಮೂರನೇ ಕಡೆ ಹೋಗಿ ಬದಲಾಯಿಸಬೇಕು. ಹೊಸದಾಗಿ ಮಾಡುವಾಗ ಅಷ್ಟು ಚೆನ್ನಾಗಿ ಕೈಹಿಡಿದು ನಡೆಸುವ ಆ ಬಟನ್, ಇರುವುದನ್ನು ತಿದ್ದುವಾಗ ಸಹಾಯಕ್ಕೆ ಬರುವುದಿಲ್ಲ. ಮನೆಗೆ ಮಾತ್ರ ಬೇಕಾದವರು, ಹತ್ತು ಹದಿನೈದು ಸಾಧನ ಇರುವವರು ಇದಕ್ಕೆ ಹಣ ಹಾಕುವ ಅಗತ್ಯವಿಲ್ಲ, ಕಂಪನಿ ಕೊಟ್ಟ ಡಬ್ಬಿಯೇ ಸಾಕು. ದಿನಕ್ಕೆ ಎಂಬತ್ತು ನೂರು ಜನ ಬಂದು ಹೋಗುವ ಜಾಗವಾದರೆ ಕಣ್ಣುಮುಚ್ಚಿ ತಗೊಳ್ಳಿ. ಅದಕ್ಕೂ ಮೊದಲು, ತೊಂದರೆ ಬರುವ ಹೊತ್ತಿನಲ್ಲೇ ಒಂದು ಲ್ಯಾಪ್‌ಟಾಪಿನ ವಿಳಾಸ ನೋಡಿ. 169.254 ಇದ್ದರೆ ಪ್ಲಾನ್ ಏರಿಸಬೇಡಿ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರು ಸರಿಯಾಗಿ ಓದಿ. ಹೆಕ್ಸ್ ಲೈಟ್ ಎಂಬುದು ಅಗ್ಗ, ಆದರೆ ಅದರ ಪೋರ್ಟುಗಳು 100 ಎಂಬಿಪಿಎಸ್‌ಗೆ ನಿಲ್ಲುತ್ತವೆ. ಈಗಿನ ಫೈಬರ್ ಪ್ಲಾನುಗಳಿಗೆ ಅದು ಸಾಲದು. ಹೆಕ್ಸ್ ಎಸ್ ಎಂಬುದರಲ್ಲಿ ಫೈಬರ್ ಮಾಡ್ಯೂಲ್ ಹಾಕುವ ಕಿಂಡಿ ಹೆಚ್ಚಿಗೆ ಇರುತ್ತದೆ, ನಮ್ಮಂಥವರಿಗೆ ಅದು ಬೇಕಾಗುವುದಿಲ್ಲ. ನನ್ನದು ಆರ್‌ಬಿ750ಜಿಆರ್3. ಅಡಿಯಲ್ಲಿ ಅಂಟಿಸಿರುವ ಸ್ಟಿಕರಿನಲ್ಲಿ ಪಾಸ್‌ವರ್ಡ್ ಇದ್ದರೆ ಗೋಡೆಗೆ ಜಡಿಯುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ, ಎಲ್ಲ ಸರಿಯಾದ ಮೇಲೆ ಫೈಲ್ಸ್ ಪುಟದಲ್ಲಿ ಬ್ಯಾಕಪ್ ಒತ್ತಿ ಆ ಫೈಲನ್ನು ಕಂಪ್ಯೂಟರಿಗೆ ಎಳೆದುಕೊಳ್ಳಿ.